ಟ್ರಯಲ್ಸ್ ಬೈಕನ್ನು ಸ್ಪರ್ಧೆಯ ಜಾಗಕ್ಕೆ ಒಯ್ಯುವ ಬಗೆಗಳು: ಬಳ್ಳಾರಿ, ಕೊಪ್ಪಳ, ರಾಯಚೂರಿನ ಸವಾರರಿಗೊಂದು ಹೋಲಿಕೆ

ಬಂಡೆ, ಮರದ ದಿಮ್ಮಿ, ಕಡಿದಾದ ಏರು, ಹಳ್ಳದ ಉರುಟು ಕಲ್ಲುಗಳ ಮೇಲೆ ನೆಲಕ್ಕೆ ಕಾಲೂರದೆ ಬೈಕ್ ದಾಟಿಸುವ ಸ್ಪರ್ಧೆಗೆ ಟ್ರಯಲ್ಸ್ ಎನ್ನುತ್ತಾರೆ. ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ಒಮ್ಮೆ ಕಾಲೂರಿದರೆ 1 ದಂಡದ ಅಂಕ, ಎರಡು ಸಲ ಊರಿದರೆ 2, ಅದಕ್ಕೂ ಹೆಚ್ಚಾದರೆ 3, ಬಿದ್ದರೆ ಇಲ್ಲವೇ ಗುರುತಿಸಿದ ಗಡಿ ಮೀರಿದರೆ 5. ಈ ಆಟಕ್ಕೆಂದೇ ತಯಾರಾದ ಬೈಕು ಸಾಮಾನ್ಯವಾಗಿ 65ರಿಂದ 75 ಕಿಲೋ ತೂಗುತ್ತದೆ, ಸುಮಾರು 2 ಮೀಟರ್ ಉದ್ದವಿರುತ್ತದೆ, ಅದರ ಟ್ಯಾಂಕಿಗೆ 2-3 ಲೀಟರಿಗಿಂತ ಹೆಚ್ಚು ಪೆಟ್ರೋಲ್ ಹಿಡಿಸುವುದಿಲ್ಲ, ಕುಳಿತುಕೊಳ್ಳಲು ಸೀಟೆಂಬುದೇ ಇರುವುದಿಲ್ಲ. ಹಾಗಾಗಿ ಇಂಥ ಬೈಕು ಕೊಳ್ಳುವ ಮುನ್ನವೇ ಅದನ್ನು ಸ್ಪರ್ಧೆಯ ಜಾಗಕ್ಕೆ ಹೇಗೆ ಒಯ್ಯುವುದೆಂದು ಯೋಚಿಸುವುದು ಒಳ್ಳೆಯದು.

ನಮ್ಮ ಭಾಗದಲ್ಲಿ ಅಪ್ಪಟ ಟ್ರಯಲ್ಸ್ ಬೈಕುಗಳು ವಿರಳ. ಅವು ಆಮದಾಗಿ ಬರಬೇಕು, ಬೆಲೆ ಲಕ್ಷಗಳ ಲೆಕ್ಕದಲ್ಲಿರುತ್ತದೆ. ಹೆಚ್ಚಿನವರು ಅಭ್ಯಾಸ ಮಾಡುವುದು ಸೀಟು ತೆಗೆದು, ಸ್ಪ್ರಾಕೆಟ್ (ಚೈನು ಸುತ್ತುವ ಹಲ್ಲುಗಾಲಿ) ಬದಲಿಸಿದ ಹಳೆಯ ಆರ್‌ಎಕ್ಸ್ 100 ಮೇಲೆ, ಇಲ್ಲವೇ ಹೀರೋ ಎಕ್ಸ್‌ಪಲ್ಸ್ ಮೇಲೆ; ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ತರುವವರೂ ಇದ್ದಾರೆ. ಆರ್‌ಎಕ್ಸ್ 100 ಸುಮಾರು 100 ಕಿಲೋ, ಎಕ್ಸ್‌ಪಲ್ಸ್ 160 ಕಿಲೋದ ಆಸುಪಾಸು, ಹಿಮಾಲಯನ್ 200 ಕಿಲೋ ಮುಟ್ಟುತ್ತದೆ. ಮುಂದೆ ಹೇಳುವ ಪ್ರತಿಯೊಂದು ಬಗೆಯ ಅನುಕೂಲವೂ ಈ ತೂಕಕ್ಕೆ ತಕ್ಕಂತೆ ಬದಲಾಗುತ್ತದೆ. 70 ಕಿಲೋದ ಬೈಕಿಗೆ ಒಪ್ಪುವ ವ್ಯವಸ್ಥೆ 160 ಕಿಲೋದ ಬೈಕಿಗೆ ಒಪ್ಪಲೇಬೇಕೆಂದಿಲ್ಲ.

ಬಗೆಗಳನ್ನು ಹೋಲಿಸುವಾಗ ಬಹುತೇಕರು ಮೊದಲು ಬಾಡಿಗೆ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಬೆಳಿಗ್ಗೆ ಹೊರಡುವಾಗ ಮೈಯಲ್ಲಿ ಕಸುವಿರುತ್ತದೆ, ಮನೆಯವರೋ ಓಣಿಯ ಹುಡುಗರೋ ಕೈ ಕೊಡುತ್ತಾರೆ, ಬೈಕೂ ಸರಿಯಾಗಿರುತ್ತದೆ. ಆಗ ಯಾವ ಬಗೆಯಾದರೂ ನಡೆಯುತ್ತದೆ. ಸಂಜೆ ಐದು ಗಂಟೆಗೆ ಮುಂಗೈ ಸೋತು, ಕ್ಲಚ್ ಲಿವರ್ ಮುರಿದು, ಜೊತೆಗೆ ಬಂದವರು ಅವರವರ ದಾರಿ ಹಿಡಿದ ಮೇಲೆ ಆ ಬೈಕನ್ನು ಮತ್ತೆ ಗಾಡಿಗೆ ಏರಿಸಿ, ಕಟ್ಟಿ, ಮನೆ ಮುಟ್ಟಿಸುವವರು ಯಾರು? ಈ ಪ್ರಶ್ನೆಗೆ ಉತ್ತರವಿರುವ ಬಗೆಯೇ ಸರಿಯಾದ ಬಗೆ, ಅದಕ್ಕೆ ಐನೂರು ರೂಪಾಯಿ ಹೆಚ್ಚು ಬಿದ್ದರೂ ಸರಿ.

ಓಡಿಸಿಕೊಂಡೇ ಹೋಗುವುದು

ಅಪ್ಪಟ ಟ್ರಯಲ್ಸ್ ಬೈಕಿನ ಮಟ್ಟಿಗೆ ಈ ಮಾತು ಎತ್ತುವಂತೆಯೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನ ಪ್ರಕಾರ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಸ್ಪರ್ಧೆಗೆಂದು ಆಮದಾದ ಬೈಕುಗಳಿಗೆ ಸಾಮಾನ್ಯವಾಗಿ ನೋಂದಣಿ ಇರುವುದಿಲ್ಲ, ನೋಂದಣಿಯಿಲ್ಲದಿದ್ದರೆ ವಿಮೆಯೂ ಇರುವುದಿಲ್ಲ. ಕಾನೂನನ್ನು ಪಕ್ಕಕ್ಕಿಟ್ಟರೂ, ಬಂಡೆ ಏರಲೆಂದು ಅತಿ ಕಡಿಮೆ ಗೇರ್ ಅನುಪಾತ ಕೊಟ್ಟಿರುವ, ಟೈರಿಗೆ 4-6 ಪಿಎಸ್‌ಐ (ಟೈರಿನ ಒತ್ತಡದ ಅಳತೆ) ಗಾಳಿಯಷ್ಟೇ ಇರುವ ಬೈಕನ್ನು ನಿಂತುಕೊಂಡು ಡಾಂಬರು ರಸ್ತೆಯಲ್ಲಿ ಓಡಿಸುವುದು ಬೈಕಿಗೂ ಬೆನ್ನಿಗೂ ಒಳ್ಳೆಯದಲ್ಲ.

ನೋಂದಣಿ, ವಿಮೆ, ದೀಪ ಎಲ್ಲವೂ ಇರುವ ಎಕ್ಸ್‌ಪಲ್ಸ್‌ನಂಥ ಬೈಕಾದರೆ 50-60 ಕಿಲೋಮೀಟರ್ ದೂರದವರೆಗೆ ಓಡಿಸಿಕೊಂಡು ಹೋಗುವುದು ಎಲ್ಲಕ್ಕಿಂತ ಅಗ್ಗ. ಆದರೆ ಗುಬುಟು (ಉಬ್ಬು ಗಂಟುಗಳಿರುವ) ಟೈರಿನ ಅಂಚುಗಳು ಬೇಸಿಗೆಯ ಕಾದ ಡಾಂಬರಿನ ಮೇಲೆ ಬೇಗ ಸವೆಯುತ್ತವೆ, ಮತ್ತು ಬಂಡೆಯ ಮೇಲೆ ಹಿಡಿತ ಕೊಡುವುದು ಅದೇ ಅಂಚು. ಮೇಲಿನ ಸಂಜೆಯ ಪ್ರಶ್ನೆಗೂ ಈ ಬಗೆಯಲ್ಲಿ ಉತ್ತರವಿಲ್ಲ: ಬ್ರೇಕ್ ಪೆಡಲ್ ಮಡಚಿದರೆ, ಮಣಿಕಟ್ಟು ಉಳುಕಿದರೆ, ತೋರಣಗಲ್ಲಿನ ಬಳಿ ಅದಿರು ಲಾರಿಗಳ ಸಾಲಿನ ನಡುವೆ ಕತ್ತಲಲ್ಲಿ ಮನೆಗೆ ಮರಳುವುದು ಸಲ್ಲದ ಸಾಹಸ. ಓಡಿಸಿಕೊಂಡು ಹೋಗುವವರು ಕೂಡ ಊರಿನ ಒಬ್ಬ ಗೂಡ್ಸ್ ಗಾಡಿಯವರ ನಂಬರು ಇಟ್ಟುಕೊಂಡಿರಬೇಕು.

ಬಾಡಿಗೆಯ ಗೂಡ್ಸ್ ಗಾಡಿ

ನೂರು ನೂರೈವತ್ತು ಕಿಲೋಮೀಟರ್ ಒಳಗಿನ ದೂರಕ್ಕೆ, ಸ್ವಂತ ಪಿಕಪ್ ಇಲ್ಲದವರಿಗೆ, ನಾನು ಮೊದಲು ಹೇಳುವುದು ಇದನ್ನೇ. ಬಳ್ಳಾರಿಯ ಎಪಿಎಂಸಿ ಸುತ್ತ, ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲುಗಳ ಮುಂದೆ, ರಾಯಚೂರಿನ ಹತ್ತಿ ಮಾರುಕಟ್ಟೆಯ ಬಳಿ ಟಾಟಾ ಏಸ್, ಬೊಲೆರೊ ಪಿಕಪ್, ದೋಸ್ತ್ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಬಾಡಿಗೆಗೆ ಕರೆದರೆ ಅವು ಬಾಗಿಲಿಗೇ ಬರುತ್ತವೆ, ರಸ್ತೆಯಿಲ್ಲದ ಗುಡ್ಡದ ಬುಡದವರೆಗೂ ಹೋಗುತ್ತವೆ, ಮತ್ತು ಚಾಲಕನೆಂಬ ಎರಡನೆಯ ಆಳು ತಾನಾಗಿಯೇ ಸಿಗುತ್ತಾನೆ. ಈ ಕೊನೆಯ ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಸಂಜೆ ಬೈಕ್ ಏರಿಸುವಾಗ ಅದರ ಬೆಲೆ ತಿಳಿಯುತ್ತದೆ.

ಇವುಗಳಲ್ಲಿ ಏಸ್ ಮತ್ತು ಪಿಕಪ್ ನಡುವೆ ಆಯ್ಕೆ ಮಾಡುವಾಗ ಅಳತೆ ನೋಡಬೇಕು. ಜನ ಛೋಟಾ ಹಾಥಿ ಎನ್ನುವ ಟಾಟಾ ಏಸ್‌ನ ಸರಕಿನ ಜಾಗ ಸುಮಾರು 7 ಅಡಿ ಉದ್ದ, 5 ಅಡಿಗೆ ತುಸು ಕಡಿಮೆ ಅಗಲ, ಪಕ್ಕದ ತಡೆಗಳ ಎತ್ತರ ಒಂದಡಿ. 2 ಮೀಟರಿನ ಟ್ರಯಲ್ಸ್ ಬೈಕು ಅದರಲ್ಲಿ ನೇರವಾಗಿ ನಿಲ್ಲುತ್ತದೆ, ಹಿಂಬದಿಯ ಬಾಗಿಲೂ ಮುಚ್ಚುತ್ತದೆ. ಎರಡು ಬೈಕುಗಳನ್ನು ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದರೆ ಹ್ಯಾಂಡಲ್‌ಗಳು ಒಂದಕ್ಕೊಂದು ತಾಗುತ್ತವೆ. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಮುಖ ಮಾಡಿ ನಿಲ್ಲಿಸಿದರೆ ಎರಡೂ ಹಿಡಿಸುತ್ತವೆ. ಎಕ್ಸ್‌ಪಲ್ಸ್‌ನ ಉದ್ದ 2.2 ಮೀಟರ್ ದಾಟುವುದರಿಂದ ಅದನ್ನು ಏಸ್‌ನಲ್ಲಿ ಓರೆಯಾಗಿ ನಿಲ್ಲಿಸಬೇಕಾಗುತ್ತದೆ, ಹಾಗೆ ನಿಲ್ಲಿಸಿದರೆ ಎರಡನೆಯದಕ್ಕೆ ಜಾಗ ಉಳಿಯುವುದಿಲ್ಲ. ಎರಡು ಎಕ್ಸ್‌ಪಲ್ಸ್ ಇದ್ದರೆ ಉದ್ದ ಪಾಟಿಯ (ಸರಕು ಇಡುವ ಹಿಂಭಾಗದ) ಬೊಲೆರೊ ಪಿಕಪ್ ಹೇಳುವುದೇ ಸರಿ. ಬಾಗಿಲು ತೆರೆದಿಟ್ಟು ಗಾಲಿ ಹೊರಚಾಚಿದರೆ ಅದು ಅಪಾಯವಷ್ಟೇ ಅಲ್ಲ, 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆ ಹೊರಚಾಚಿದ ಸರಕಿಗೆ 20,000 ರೂಪಾಯಿ ದಂಡ ಹೇಳುತ್ತದೆ.

ಎತ್ತರವೂ ಮುಖ್ಯ. ಏಸ್‌ನ ಪಾಟಿ ತೊಡೆಯ ಮಟ್ಟದಲ್ಲಿರುವುದರಿಂದ 70 ಕಿಲೋದ ಬೈಕನ್ನು ಇಬ್ಬರು ಹಲಗೆಯಿಲ್ಲದೆಯೇ ಏರಿಸಬಹುದು: ಮೊದಲು ಮುಂಗಾಲಿ ಎತ್ತಿ ಅಂಚಿಗಿಟ್ಟು, ಆಮೇಲೆ ಇಬ್ಬರೂ ಹಿಂಗಾಲಿಯ ಕಡೆಗೆ ಬಂದು ಎತ್ತಿ ತಳ್ಳಬೇಕು. ಪಿಕಪ್‌ನ ಪಾಟಿ ಸೊಂಟದ ಮಟ್ಟಕ್ಕೆ ಬರುತ್ತದೆ; ಅಲ್ಲಿ ಹಲಗೆ ಬೇಕೇ ಬೇಕು, ಇಲ್ಲವೇ ನಾಲ್ಕು ಜನ ಬೇಕು. ನಮ್ಮ ಕಡೆ ಹಮಾಲರು ಕ್ವಿಂಟಾಲ್ ತೂಕದ ಭತ್ತದ ಚೀಲ ಎತ್ತಿದವರೇ. ಆದರೆ ಬೈಕನ್ನು ಎಲ್ಲಿ ಹಿಡಿಯಬೇಕೆಂದು ಹೇಳದಿದ್ದರೆ ಅವರು ಮಡ್‌ಗಾರ್ಡು, ಸೈಲೆನ್ಸರ್, ರೇಡಿಯೇಟರ್ ಪೈಪು ಎಂದು ನೋಡದೆ ಕೈಗೆ ಸಿಕ್ಕಿದ್ದನ್ನು ಹಿಡಿದು ಎತ್ತುತ್ತಾರೆ. ಮುಂದೆ ಫೋರ್ಕ್ (ಮುಂಗಾಲಿ ಹಿಡಿದ ಜೋಡಿ ಕೊಳವೆ), ಹಿಂದೆ ಸ್ವಿಂಗ್ ಆರ್ಮ್ (ಹಿಂಗಾಲಿ ಹಿಡಿದ ತೋಳು) ಮತ್ತು ಚೌಕಟ್ಟು, ಇವಿಷ್ಟನ್ನೇ ಹಿಡಿಯಬೇಕೆಂದು ಮೊದಲೇ ತೋರಿಸಬೇಕು.

ಬಾಡಿಗೆಯ ಮಾತುಕತೆಯಲ್ಲಿ ಕಿಲೋಮೀಟರ್ ದರವೊಂದನ್ನೇ ಕೇಳಿದರೆ ಸಾಲದು. ಖಾಲಿ ಮರಳುವ ದಾರಿಯ ಲೆಕ್ಕ, ಕಾಯುವ ಗಂಟೆಗಳ ಲೆಕ್ಕ, ಡ್ರೈವರ್ ಬತ್ತಾ, ಟೋಲ್, ಹಮಾಲಿ ಪ್ರತ್ಯೇಕ ಪ್ರತ್ಯೇಕವಾಗಿ ಮಾತಾಗಬೇಕು. ಗಾಡಿಯನ್ನು ದಿನವಿಡೀ ಸ್ಪರ್ಧೆಯ ಜಾಗದಲ್ಲೇ ನಿಲ್ಲಿಸಿಕೊಳ್ಳುವುದೋ, ಬೆಳಿಗ್ಗೆ ಇಳಿಸಿ ಕಳುಹಿಸಿ ಸಂಜೆ ಬೇರೆ ಗಾಡಿ ಕರೆಯುವುದೋ ಎಂಬಲ್ಲಿ ಹಲವರು ಎರಡನೆಯದನ್ನು ಆರಿಸಿ ಹಣ ಉಳಿಸಲು ನೋಡುತ್ತಾರೆ. ಪೇಟೆಯ ಪಕ್ಕದ ಸ್ಪರ್ಧೆಯಾದರೆ ಅದು ನಡೆಯುತ್ತದೆ. ಸಂಡೂರಿನ ಗುಡ್ಡದ ಆಚೆಗೋ ಕುಷ್ಟಗಿಯ ಒಳಹಳ್ಳಿಗೋ ಭಾನುವಾರ ಸಂಜೆ ಹೊಸ ಗಾಡಿ ಬರುವುದೆಂಬ ಭರವಸೆ ಇಡಬಾರದು. ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ಭತ್ತದ ಕೊಯ್ಲು ನಡೆಯುವಾಗಲಂತೂ ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಗಾಡಿಗಳೆಲ್ಲ ಚೀಲ ಹೊರುವುದರಲ್ಲಿ ಮುಳುಗಿರುತ್ತವೆ. ಆ ವಾರಗಳಲ್ಲಿ ಗಾಡಿಯನ್ನು ಮುಂಚಿತವಾಗಿ ಗೊತ್ತುಮಾಡಿ ದಿನಪೂರ್ತಿ ಹಿಡಿದಿಟ್ಟುಕೊಳ್ಳುವುದೇ ಲೇಸು. ಇಬ್ಬರು ಸವಾರರು ಬಾಡಿಗೆ ಹಂಚಿಕೊಂಡರೆ ಅದರ ಹೊರೆ ಅರ್ಧಕ್ಕಿಳಿಯುತ್ತದೆ. ಚಾಲಕನ ಪಕ್ಕದ ಸೀಟಿನಲ್ಲಿ ಒಬ್ಬರು ಹೋಗಬಹುದು. ಎರಡನೆಯವರು ಬಸ್ಸಿನಲ್ಲೋ ಬೇರೆ ಬೈಕಿನಲ್ಲೋ ಬರಬೇಕೇ ಹೊರತು ಹಿಂದೆ ಬೈಕ್ ಹಿಡಿದು ನಿಲ್ಲುವಂತಿಲ್ಲ. ಸರಕಿನ ಜಾಗದಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ, ಮತ್ತು ಹಗ್ಗ ಕಿತ್ತರೆ ಬೈಕು ಬೀಳುವುದು ಆ ಮನುಷ್ಯನ ಮೇಲೆಯೇ.

ಏರಿಸುವುದು, ಕಟ್ಟುವುದು

ಗಾಡಿ ಯಾವುದೇ ಆಗಿರಲಿ, ಬೈಕಿಗೆ ಪೆಟ್ಟಾಗುವುದು ದಾರಿಯಲ್ಲಿ ಕಡಿಮೆ, ಏರಿಸುವಾಗ ಇಳಿಸುವಾಗ ಹೆಚ್ಚು. ಹಲಗೆಯ ಉದ್ದ ಪಾಟಿಯ ಎತ್ತರದ ಮೂರು ಪಟ್ಟಾದರೂ ಇದ್ದರೆ ಏರು ಸಹನೀಯವಾಗಿರುತ್ತದೆ. ಪಿಕಪ್‌ಗೆ 8 ಅಡಿಯ ಗಟ್ಟಿ ಹಲಗೆ ಸಾಕಾಗುತ್ತದೆ. ಹಲಗೆಯ ಮೇಲ್ತುದಿಯನ್ನು ಗಾಡಿಯ ಕೊಂಡಿಗೆ ಪಟ್ಟಿಯಿಂದ ಬಿಗಿಯದೆ ಬೈಕ್ ತಳ್ಳಿದರೆ, ಹಿಂಗಾಲಿ ಹಲಗೆಗೆ ಹತ್ತಿದ ಕ್ಷಣದಲ್ಲೇ ಹಲಗೆ ಹಿಂದಕ್ಕೆ ಜಾರುತ್ತದೆ. ಹಲಗೆಯೇ ಇಲ್ಲದವರಿಗೆ ನಮ್ಮ ಸೀಮೆಯ ನೆಲವೇ ನೆರವಾಗುತ್ತದೆ: ಕಾಲುವೆಯ ಏರಿ, ರಸ್ತೆ ಪಕ್ಕದ ದಿಬ್ಬ, ಗೋದಾಮಿನ ಕಟ್ಟೆ ಸಿಕ್ಕಲ್ಲಿ ಗಾಡಿಯನ್ನು ಹಿಮ್ಮುಖವಾಗಿ ತಾಗಿಸಿ ನಿಲ್ಲಿಸಿದರೆ ಬೈಕು ಸಮತಟ್ಟಾಗಿಯೇ ಒಳಗೆ ಹೋಗುತ್ತದೆ. ಮಳೆಯಾದ ಮೇಲೆ ಸಿಂಧನೂರು, ಮಾನ್ವಿ ಕಡೆಯ ಎರೆಭೂಮಿಯಲ್ಲಿ ಮಾತ್ರ ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಬಾರದು. ಅಲ್ಲಿ ಹೂತ ಪಿಕಪ್ ಎಳೆಯಲು ಟ್ರ್ಯಾಕ್ಟರ್ ಬೇಕಾಗುತ್ತದೆ.

ಕಟ್ಟುವ ವಿಷಯದಲ್ಲಿ ಲಾರಿ ಚಾಲಕರ ಗಂಟನ್ನು ನಾನು ಕಡೆಗಣಿಸುವುದಿಲ್ಲ, ಅದು ಭತ್ತದ ಚೀಲಕ್ಕೂ ಹತ್ತಿಯ ಅಂಡಿಗೆಗೂ ಸರಿಯಾದದ್ದು. ಆದರೆ ಬೈಕಿಗೆ ಸಸ್ಪೆನ್ಷನ್ ಇದೆ. ಸ್ಪೀಡ್ ಬ್ರೇಕರ್ ಮೇಲೆ ಬೈಕು ತಾನೇ ಕುಗ್ಗಿದಾಗ ಹಗ್ಗ ಸಡಿಲಾಗುತ್ತದೆ, ಸಡಿಲಾದ ಹಗ್ಗದ ಕೊಕ್ಕೆ ಕಳಚುತ್ತದೆ. “ಏನ್ ಆಗಲ್ಲ ಬಿಡ್ರಿ ಸರ್, ಬಿಗಿ ಕಟ್ಟೀನಿ” ಎಂದು ಚಾಲಕ ಹೇಳುವುದು ನಿಂತ ಗಾಡಿಯಲ್ಲಿನ ಬಿಗಿಯ ಮಾತು. ಆದ್ದರಿಂದ ನಾಲ್ಕು ರ‍್ಯಾಚೆಟ್ (ಹಲ್ಲುಚಕ್ರದಿಂದ ಬಿಗಿಯಾಗುವ) ಪಟ್ಟಿಗಳನ್ನು ಸವಾರ ತಾನೇ ಕೊಂಡು ಇಟ್ಟುಕೊಳ್ಳಬೇಕು. ಎರಡನ್ನು ಮುಂದೆ, ಫೋರ್ಕಿನ ಕೆಳಗಿನ ಕ್ಲ್ಯಾಂಪಿಗೆ ಸುತ್ತಿ, ಮುಂದಕ್ಕೂ ಹೊರಕ್ಕೂ ಎಳೆಯಬೇಕು. ಹ್ಯಾಂಡಲಿನ ತುದಿಗೆ ಕಟ್ಟಿದರೆ ಹ್ಯಾಂಡಲ್ ತಿರುಗುತ್ತದೆ. ಫೋರ್ಕನ್ನು ಅರ್ಧದಷ್ಟು ಕುಗ್ಗಿಸಿದರೆ ಸಾಕು, ಪೂರ್ತಿ ಕುಗ್ಗಿಸಿ ಗಂಟೆಗಟ್ಟಲೆ ಇಟ್ಟರೆ ಆಯಿಲ್ ಸೀಲಿಗೆ ಒಳ್ಳೆಯದಲ್ಲ. ಉಳಿದೆರಡು ಪಟ್ಟಿಗಳು ಹಿಂಗಾಲಿ ಅತ್ತಿತ್ತ ಜಿಗಿಯದಂತೆ ಹಿಡಿಯಲು. ಬಣ್ಣ ತಾಗುವಲ್ಲೆಲ್ಲ ಗೋಣಿತಟ್ಟು ಇಡಬೇಕು. ಸ್ಟ್ಯಾಂಡ್ ಮೇಲೆತ್ತಿರಬೇಕು, ಭಾರವೆಲ್ಲ ಟೈರುಗಳ ಮೇಲೆ ಬೀಳಬೇಕು.

ಟ್ರಯಲ್ಸ್ ಬೈಕಿಗೆ ಮಾತ್ರ ಸಲ್ಲುವ ಇನ್ನೊಂದು ಎಚ್ಚರವಿದೆ. 4-6 ಪಿಎಸ್‌ಐ ಗಾಳಿಯ ಟೈರು ಗಾಡಿ ಕುಲುಕಿದಾಗಲೆಲ್ಲ ಮೆದುವಾಗಿ ಕುಗ್ಗಿ ಪಟ್ಟಿಯನ್ನು ಸಡಿಲಿಸುತ್ತದೆ. ಹೊರಡುವ ಮುನ್ನ 15 ಪಿಎಸ್‌ಐ ಆಸುಪಾಸಿಗೆ ಗಾಳಿ ತುಂಬಿ, ಸ್ಪರ್ಧೆಯ ಜಾಗದಲ್ಲಿ ಇಳಿಸಿಕೊಂಡರೆ ಈ ತೊಂದರೆಯಿಲ್ಲ. ಮರಳುವಾಗ ಮತ್ತೆ ತುಂಬಲು ಕೈಪಂಪೊಂದು ಜೊತೆಗಿರಲಿ. ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ನಾಲ್ಕೂ ಪಟ್ಟಿಗಳನ್ನು ಮತ್ತೆ ಬಿಗಿಯಬೇಕು. ಸಂಡೂರು, ತೋರಣಗಲ್ಲು, ಹೊಸಪೇಟೆ ನಡುವೆ ತೆರೆದ ಗಾಡಿಯಲ್ಲಿ ಒಯ್ದರೆ ಕೆಂಪು ಅದಿರಿನ ಧೂಳು ಬೈಕಿನ ಮೇಲೆಲ್ಲ ಕೂರುತ್ತದೆ. ಏರ್ ಫಿಲ್ಟರ್ ಬಾಯಿಗೂ ಸೈಲೆನ್ಸರ್ ತುದಿಗೂ ಬಟ್ಟೆ ತುರುಕಿ, ತಾಡಪತ್ರಿ ಹೊದಿಸಿ, ಇಳಿಸಿದ ಮೇಲೆ ಫೋರ್ಕಿನ ಹೊಳೆಯುವ ಭಾಗವನ್ನು ಒರೆಸಿಯೇ ಬೈಕ್ ಹತ್ತಬೇಕು. ಆ ಧೂಳು ಸೀಲಿನೊಳಗೆ ಹೊಕ್ಕರೆ ಉಜ್ಜುಕಾಗದದ ಕೆಲಸ ಮಾಡುತ್ತದೆ.

ಸ್ವಂತ ಪಿಕಪ್, ಸ್ವಂತ ವ್ಯಾನು

ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ನಾಲ್ಕು ಬಾಗಿಲ ಪಿಕಪ್ ಇರುವವರಿಗೆ ಸಾಗಾಟದ ಚಿಂತೆ ಮುಕ್ಕಾಲು ಪಾಲು ತೀರಿದಂತೆ. ಹಾಗೆಂದು ಬೈಕಿಗಾಗಿ ಇವುಗಳನ್ನು ಕೊಳ್ಳಿರೆಂದು ಯಾರಿಗೂ ಹೇಳಲಾರೆ. ಅದೇ ಹಣದಲ್ಲಿ ಎಷ್ಟೋ ವರ್ಷ ಏಸ್ ಬಾಡಿಗೆಗೆ ಹಿಡಿಯಬಹುದು. ಜಾಗದ ಲೆಕ್ಕದಲ್ಲಿ ನೋಡಿದರೂ ಇವುಗಳ ಹಿಂಭಾಗ ಸುಮಾರು 5 ಅಡಿ ಉದ್ದ, 5 ಅಡಿ ಅಗಲ ಮಾತ್ರ. ಟ್ರಯಲ್ಸ್ ಬೈಕು ಮೂಲೆಯಿಂದ ಮೂಲೆಗೆ ಓರೆಯಾಗಿ ಕಷ್ಟಪಟ್ಟು ಹಿಡಿಸುತ್ತದೆ, ಎಕ್ಸ್‌ಪಲ್ಸ್ ಹಿಡಿಸುವುದಿಲ್ಲ. ಲಕ್ಷಗಟ್ಟಲೆ ಕಡಿಮೆ ಬೆಲೆಯ ಏಸ್‌ನಲ್ಲಿ ಎರಡು ಬೈಕು ನಿಲ್ಲುತ್ತವೆ, ಇದರಲ್ಲಿ ಒಂದು. ನಾಲ್ಕು ಜನ ಆರಾಮವಾಗಿ ಒಟ್ಟಿಗೆ ಹೋಗಬಹುದೆಂಬುದು, ಬೆಂಗಳೂರಿನವರೆಗಿನ 300 ಕಿಲೋಮೀಟರ್ ದಾರಿಯಲ್ಲಿ ನಿಜವಾದ ಲಾಭ.

ಮಾರುತಿ ಓಮ್ನಿ, ಈಕೋ ವ್ಯಾನುಗಳ ಮಾತು ಬೇರೆ. ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿದ್ದರೂ ನಮ್ಮ ಪೇಟೆಗಳಲ್ಲಿ ಇನ್ನೂ ಓಡಾಡುತ್ತಿವೆ, ಹಳೆಯದು ಅಗ್ಗಕ್ಕೂ ಸಿಗುತ್ತದೆ. ಪಾಟಿಯ ಎತ್ತರ ಕಡಿಮೆ, ಆದ್ದರಿಂದ 70 ಕಿಲೋದ ಬೈಕನ್ನು ಒಬ್ಬರೇ ಏರಿಸಬಹುದಾದ ಗಾಡಿ ಇದೊಂದೇ. ಬಾಗಿಲಿಗೆ ಬೀಗ ಹಾಕಿ ರಾತ್ರಿ ಲಾಡ್ಜಿನ ಮುಂದೆ ನಿಶ್ಚಿಂತೆಯಿಂದ ನಿಲ್ಲಿಸಬಹುದು, ಧೂಳು ಮಳೆಗಳ ಕಾಟವಿಲ್ಲ. ಹ್ಯಾಂಡಲಿನ ಎತ್ತರವನ್ನೂ ಹಿಂಬಾಗಿಲಿನ ಎತ್ತರವನ್ನೂ ಅಳೆಯದೆ ಮಾತ್ರ ವ್ಯಾನಿನ ವ್ಯಾಪಾರಕ್ಕೆ ಹೋಗಬಾರದು. ಕೆಲವು ಬೈಕುಗಳಿಗೆ ಹ್ಯಾಂಡಲ್ ಸಡಿಲಿಸಿ ಬಾಗಿಸಬೇಕಾಗುತ್ತದೆ. ಪ್ರಯಾಣಿಕರ ವಾಹನವಾಗಿ ನೋಂದಾಯಿಸಿದ ವ್ಯಾನಿನ ಸೀಟುಗಳನ್ನು ಶಾಶ್ವತವಾಗಿ ತೆಗೆದುಹಾಕುವುದು ವಾಹನದ ಮಾರ್ಪಾಡಾಗುತ್ತದೆ, ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು. ಸರಕು ಸಾಗಣೆಗೆಂದೇ ಬರುವ ಈಕೋ ಕಾರ್ಗೋ ಕೊಂಡರೆ ಈ ತಕರಾರಿಲ್ಲ. ಎಲ್ಲಕ್ಕಿಂತ ದೊಡ್ಡ ಎಚ್ಚರ ಪೆಟ್ರೋಲಿನ ಆವಿಯದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ವ್ಯಾನಿನೊಳಗೆ ಟ್ಯಾಂಕಿನ ಗಾಳಿಕೊಳವೆಯಿಂದ ಆವಿ ಹೊರಬರುತ್ತಲೇ ಇರುತ್ತದೆ. ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನ ಪೆಟ್ರೋಲನ್ನೂ ಇಳಿಸಿ, ಕಿಟಕಿ ತೆರೆದೇ ಓಡಿಸಬೇಕು. ಒಳಗೆ ಬೀಡಿ ಸಿಗರೇಟಿನ ಮಾತೇ ಇಲ್ಲ.

ಟ್ರೇಲರ್, ಕಾರಿನ ಹಿಂಬದಿಯ ಕ್ಯಾರಿಯರ್

ಹೊರದೇಶಗಳ ಟ್ರಯಲ್ಸ್ ಸವಾರರು ಕಾರಿನ ಹಿಂದೆ ಚಿಕ್ಕ ಟ್ರೇಲರ್ ಎಳೆಯುವುದು, ಇಲ್ಲವೇ ಕೊಂಡಿಗೆ ಸಿಕ್ಕಿಸಿದ ಚೌಕಟ್ಟಿನ ಮೇಲೆ ಬೈಕನ್ನು ಅಡ್ಡಲಾಗಿ ನಿಲ್ಲಿಸಿ ಒಯ್ಯುವುದು ಸಾಮಾನ್ಯ. ನಮ್ಮಲ್ಲಿ ಎರಡಕ್ಕೂ ತೊಡಕುಗಳಿವೆ. ಮೋಟಾರು ವಾಹನ ಎಂಬುದರ ವ್ಯಾಖ್ಯೆಯೊಳಗೆ ಟ್ರೇಲರ್ ಕೂಡ ಬರುತ್ತದೆ, ಆದ್ದರಿಂದ ಅದಕ್ಕೂ ನೋಂದಣಿ ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದನ್ನು ಹಾಗೆಯೇ ಹೆದ್ದಾರಿಗೆ ತರುವಂತಿಲ್ಲ. ಕ್ಯಾರಿಯರ್ ಆದರೆ ಬೈಕು ಮತ್ತು ಚೌಕಟ್ಟು ಸೇರಿ ಕ್ವಿಂಟಾಲಿನಷ್ಟು ಭಾರ ಹಿಂಗಾಲಿಗಳ ಆಚೆ ತೂಗುತ್ತದೆ, ಮುಂಗಾಲಿಗಳ ಹಿಡಿತ ಹಗುರಾಗುತ್ತದೆ, ನಂಬರ್ ಪ್ಲೇಟೂ ಬ್ರೇಕ್ ದೀಪಗಳೂ ಮರೆಯಾಗುತ್ತವೆ. ಕಾರಿನ ತಯಾರಕರು ಅಷ್ಟು ಭಾರಕ್ಕೆ ಬರಹದಲ್ಲಿ ಒಪ್ಪದ ಹೊರತು ಈ ದಾರಿ ಬೇಡ.

ಹೊಲದ ಟ್ರ್ಯಾಕ್ಟರಿನ ಟ್ರೇಲರ್ ನಮ್ಮ ಕಡೆ ಯಾವ ಹಳ್ಳಿಯಲ್ಲೂ ಸಿಗುತ್ತದೆ. ಊರಿನಿಂದ ಐದಾರು ಕಿಲೋಮೀಟರಿನ ಗುಡ್ಡಕ್ಕೆ, ಬೇರೆ ಗಾಡಿ ಹೋಗದ ಎರೆ ದಾರಿಯಲ್ಲಿ, ಅದಕ್ಕಿಂತ ಒಳ್ಳೆಯದಿಲ್ಲ. ಸಾಮಾನ್ಯವಾಗಿ ಅದಕ್ಕೆ ಸ್ಪ್ರಿಂಗೇ ಇರುವುದಿಲ್ಲವಾದ್ದರಿಂದ ಅಡಿಯಲ್ಲಿ ಹುಲ್ಲಿನ ಹಾಸು ಹಾಕಿಸಿ, ನಿಧಾನವಾಗಿ ಹೋಗಲು ಹೇಳಬೇಕು.

ರೈಲು, ಬಸ್ಸು, ಪಾರ್ಸೆಲ್ ಲಾರಿ

ಬೆಂಗಳೂರು, ಹೈದರಾಬಾದಿನಂಥ ದೂರದ ಊರುಗಳ ಪ್ರಶ್ನೆ ಬಂದಾಗ ರೈಲು ಅಗ್ಗವಾಗಿ ಕಾಣುತ್ತದೆ. ಹುಬ್ಬಳ್ಳಿಯಿಂದ ಮೈಸೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆ, ಬಳ್ಳಾರಿ, ಗುಂತಕಲ್ಲು ಮಾರ್ಗವಾಗಿ ರಾತ್ರೋರಾತ್ರಿ ಬೆಂಗಳೂರು ಸೇರುತ್ತದೆ. ರಾಯಚೂರು ಮುಂಬಯಿ-ಚೆನ್ನೈ ಹಳಿಯ ಮೇಲೆಯೇ ಇದೆ. ಬೈಕನ್ನು ಸವಾರ ಹೋಗುವ ರೈಲಿನಲ್ಲೇ ಲಗೇಜ್ ಆಗಿ ಬುಕ್ ಮಾಡಬಹುದು, ಇಲ್ಲವೇ ಪಾರ್ಸೆಲ್ ಆಗಿ ಮೊದಲೇ ಕಳಿಸಬಹುದು. ಟ್ಯಾಂಕ್ ಪೂರ್ತಿ ಖಾಲಿಯಿರಬೇಕು, ಗೋಣಿತಟ್ಟು ಸುತ್ತಿ ಹೊಲಿಸಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಡಬೇಕು. ನೋಂದಣಿಯಿಲ್ಲದ ಸ್ಪರ್ಧಾ ಬೈಕಿಗೆ ಆರ್‌ಸಿ ಎಲ್ಲಿಂದ ತರುವುದು? ಖರೀದಿ ಬಿಲ್ಲು ಮತ್ತು ಆಮದಿನ ಕಾಗದಗಳನ್ನು ಹಿಡಿದು, ಸ್ಪರ್ಧೆಗೆ ವಾರ ಮೊದಲೇ ಪಾರ್ಸೆಲ್ ಕಚೇರಿಯವರನ್ನು ಕಂಡು ಒಪ್ಪಿಗೆ ಪಡೆಯದಿದ್ದರೆ ಹೊರಡುವ ದಿನ ಕೌಂಟರಿನಲ್ಲೇ ಕೆಲಸ ನಿಲ್ಲುತ್ತದೆ.

ರೈಲಿನ ವಿಷಯದಲ್ಲಿ ಟ್ರಯಲ್ಸ್ ಸವಾರನಿಗೆ ಎಲ್ಲಕ್ಕಿಂತ ಮುಖ್ಯವಾದುದು ಪರಿಹಾರದ ಲೆಕ್ಕ. ಬೆಲೆ ಘೋಷಿಸದೆ ಕಳಿಸಿದ ಸರಕಿಗೆ ರೈಲ್ವೆಯ ಹೊಣೆ ತೂಕದ ಮೇಲೆ ನಿಂತಿದೆ: ಪಾರ್ಸೆಲ್ಲಿಗೆ ಕಿಲೋಗೆ 50 ರೂಪಾಯಿ, ಲಗೇಜಿಗೆ ಕಿಲೋಗೆ 100 ರೂಪಾಯಿ. 70 ಕಿಲೋದ ಬೈಕು ಪಾರ್ಸೆಲ್ಲಿನಲ್ಲಿ ಕಳೆದುಹೋದರೆ 3,500 ರೂಪಾಯಿ, 200 ಕಿಲೋದ ಹಿಮಾಲಯನ್ ಕಳೆದುಹೋದರೆ 10,000 ರೂಪಾಯಿ. ಬೈಕು ಹಗುರಾದಷ್ಟೂ ದುಬಾರಿಯಾಗುವ ಆಟ ಇದು, ಇಲ್ಲಿ ಮಾತ್ರ ಹಗುರಾದಷ್ಟೂ ಅಗ್ಗವಾಗಿ ಎಣಿಸುತ್ತಾರೆ. ಬುಕ್ ಮಾಡುವಾಗಲೇ ಬೆಲೆ ಘೋಷಿಸಿ, ಅದರ ಮೇಲಿನ ಶೇಕಡಾವಾರು ಶುಲ್ಕ ಕಟ್ಟಿ, ರಸೀದಿಯಲ್ಲಿ ಅದನ್ನು ಬರೆಸಿಕೊಂಡರೆ ಮಾತ್ರ ಬೆಲೆಗೆ ತಕ್ಕ ಪರಿಹಾರ ಕೇಳಬಹುದು.

ಇಷ್ಟಾದರೂ ರೈಲಿನ ಅಗ್ಗದ ಲೆಕ್ಕ ಪೂರ್ತಿಯಾಗುವುದಿಲ್ಲ. ಮನೆಯಿಂದ ನಿಲ್ದಾಣಕ್ಕೆ ಒಂದು ಗೂಡ್ಸ್ ಆಟೊ, ಅಲ್ಲಿಂದ ಸ್ಪರ್ಧೆಯ ಜಾಗಕ್ಕೆ ಇನ್ನೊಂದು, ಮರಳುವಾಗ ಮತ್ತೆರಡು. ಪ್ರತಿಯೊಂದರಲ್ಲೂ ಏರಿಸುವ ಇಳಿಸುವ ಕೆಲಸ, ಅದೂ ಅಪರಿಚಿತರ ಕೈಯಲ್ಲಿ. ಹೊತ್ತಿಗೆ ಬಿಡಿಸಿಕೊಳ್ಳದಿದ್ದರೆ ನಿಲ್ದಾಣದಲ್ಲಿ ಇಟ್ಟಿದ್ದಕ್ಕೆ ಶುಲ್ಕ ಬೇರೆ. ರೈಲು ಕಡಿಮೆ ಹೊತ್ತು ನಿಲ್ಲುವ ನಿಲ್ದಾಣಗಳಲ್ಲಿ ಭಾರದ ಸರಕು ಏರಿಸಲು ಇಳಿಸಲು ಸಮಯವೇ ಸಾಲದು, ಆದ್ದರಿಂದ ಕೊಪ್ಪಳದ ಸವಾರ ಹೊಸಪೇಟೆಗೋ ಬಳ್ಳಾರಿಗೋ ಬೈಕ್ ಒಯ್ಯಬೇಕಾಗಬಹುದು. ಭಾನುವಾರದ ಒಂದು ದಿನದ ಸ್ಪರ್ಧೆಗೆ ರೈಲನ್ನು ನಾನು ಹೇಳುವುದಿಲ್ಲ. ವಾರಗಟ್ಟಲೆ ನಡೆಯುವ ತರಬೇತಿಗೆ, ಉದಾಹರಣೆಗೆ ಕೋಲಾರದ ಬಿಗ್‌ರಾಕ್ ಡರ್ಟ್‌ಪಾರ್ಕಿನಂಥ ಕಡೆಗೆ ಸ್ವಂತ ಬೈಕನ್ನೇ ಒಯ್ಯಬೇಕೆಂದರೆ, ಅದು ಯೋಚಿಸತಕ್ಕದ್ದು. ಅಂಥ ಸಂದರ್ಭದಲ್ಲಿ ಪಾರ್ಸೆಲ್ ಲಾರಿಯೂ ಸಮನಾದ ಆಯ್ಕೆ. ಮರದ ಚೌಕಟ್ಟು ಹೊಡೆಸಿ, ರಸೀದಿಯಲ್ಲಿ ಬೆಲೆ ಬರೆಸಿ ಕಳಿಸಬೇಕು, ಮತ್ತು ಮುಟ್ಟುವ ದಿನ ಎಂದು ಹೇಳಿದ್ದಕ್ಕೆ ಎರಡು ದಿನ ಸೇರಿಸಿ ಎಣಿಸಬೇಕು.

ರಾತ್ರಿ ಬಸ್ಸುಗಳ ಡಿಕ್ಕಿಯಲ್ಲಿ ಬೈಕನ್ನು ಮಲಗಿಸಿ ಒಯ್ಯುವ ರೂಢಿಯೂ ಇದೆ. ಇದನ್ನು ಹೋಲಿಕೆಗೆ ಸೇರಿಸಲೂ ನನಗೆ ಮನಸ್ಸಿಲ್ಲ. ಮಲಗಿಸಿದ ಬೈಕಿನಿಂದ ಪೆಟ್ರೋಲು, ಆಯಿಲು, ಬ್ಯಾಟರಿಯ ಆಮ್ಲ ಸೋರುತ್ತದೆ. ಅದರ ಮೇಲಿನ ಬರ್ತುಗಳಲ್ಲಿ ಜನ ನಿದ್ದೆ ಮಾಡುತ್ತಿರುತ್ತಾರೆ.

ಯಾವ ಊರಿನವರಿಗೆ ಯಾವುದು

ಬಳ್ಳಾರಿಯ ಸವಾರ ಸಂಡೂರು, ಹೊಸಪೇಟೆ ಕಡೆಗೆ ಹೋಗುವಾಗ ಹಂಚಿಕೊಂಡ ಏಸ್ ಸಾಕು. ಹೊಸಪೇಟೆಯಿಂದಾಚೆ ಬಂಡೆಗಳ ಆಸೆ ಹುಟ್ಟುವುದು ಸಹಜ. ಆದರೆ 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿಯ ಸ್ಮಾರಕಗಳ ಸುತ್ತ, ಇಲ್ಲವೇ ದರೋಜಿಯ ಕರಡಿಧಾಮದ ಅಂಚಿನಲ್ಲಿ ಬೈಕ್ ಇಳಿಸುವ ಯೋಚನೆಯನ್ನು ಮಾಡಲೇಬಾರದು. ಗಾಡಿ ಹಿಡಿಯುವ ಮುನ್ನ ಆ ಜಾಗ ಯಾರದು, ಒಪ್ಪಿಗೆ ಕೊಟ್ಟವರು ಯಾರು ಎಂದು ಆಯೋಜಕರನ್ನು ಕೇಳಿದರೆ ಗಾಡಿ ಬಾಡಿಗೆಯೂ ಉಳಿಯಬಹುದು. ಕೊಪ್ಪಳದವರಿಗೆ ಹುಬ್ಬಳ್ಳಿಯ ಕಡೆಗೂ ಹೊಸಪೇಟೆಯ ಕಡೆಗೂ 67ನೇ ಹೆದ್ದಾರಿ ಚೆನ್ನಾಗಿದೆ. ಓಮ್ನಿ, ಈಕೋಗಳಿಗೆ ಹೇಳಿ ಮಾಡಿಸಿದ ದಾರಿ ಅದು.

ರಾಯಚೂರಿನವರು ಮತ್ತು ಬಳ್ಳಾರಿಯವರು ಒಬ್ಬರ ಊರಿಗೆ ಒಬ್ಬರು ಹೋಗುವಾಗ ರಾಜ್ಯದ ಗಡಿಯನ್ನು ಲೆಕ್ಕಕ್ಕೆ ಹಿಡಿಯಬೇಕು. 167ನೇ ಹೆದ್ದಾರಿ ಆದೋನಿ, ಮಂತ್ರಾಲಯದ ಮೂಲಕ ಆಂಧ್ರಪ್ರದೇಶವನ್ನು ಹಾದುಹೋಗುತ್ತದೆ. ಸಿರುಗುಪ್ಪ, ಸಿಂಧನೂರು, ಮಾನ್ವಿ ದಾರಿ ಕರ್ನಾಟಕದೊಳಗೇ ಇರುತ್ತದೆ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡವೆಂದು ಕಾಯ್ದೆ ಹೇಳುತ್ತದೆ, ಏಸ್ ಈ ಮಿತಿಯೊಳಗೇ ಇದೆ. ದೊಡ್ಡ ಪಿಕಪ್‌ಗಳಲ್ಲಿ ಕೆಲವು ಮಿತಿ ದಾಟುತ್ತವೆ. ಅಂಥ ಗಾಡಿ ಕರ್ನಾಟಕದ ಪರ್ಮಿಟ್ ಮಾತ್ರ ಹೊಂದಿದ್ದರೆ ಆದೋನಿ ದಾರಿ ಹಿಡಿಯಬಾರದು. ಹೈದರಾಬಾದಿಗೆ ಹೋಗುವ ರಾಯಚೂರಿನವರು ಗಾಡಿ ಗೊತ್ತುಮಾಡುವಾಗಲೇ ತೆಲಂಗಾಣಕ್ಕೆ ಬೇಕಾದ ಕಾಗದಗಳಿವೆಯೇ ಎಂದು ಕೇಳಿ, ಅವುಗಳ ಫೋಟೊ ತರಿಸಿಕೊಂಡು ನೋಡಬೇಕು. ಗಾಡಿಯ ವಿಮೆ ಬೈಕಿಗೆ ಸಲ್ಲುತ್ತದೆಂದು ನಂಬುವವರಿದ್ದಾರೆ. ಮೂರನೆಯವರ ಹಾನಿಗೆಂದು ಮಾಡಿಸಿದ ವಿಮೆ ಗಾಡಿಯಲ್ಲಿ ಹೇರಿದ ಸರಕಿಗೆ ಸಲ್ಲುವುದಿಲ್ಲ. ದುಬಾರಿ ಬೈಕಿಗೆ ಸಾಗಣೆಯ ವಿಮೆಯನ್ನು ಪ್ರತ್ಯೇಕವಾಗಿ ಕೇಳಬೇಕು.

ಎಲ್ಲ ಬಗೆಗಳಿಗೂ ಸಲ್ಲುವ ಒಂದು ವಿಷಯ ಉಳಿಯಿತು, ಅದು ಪೆಟ್ರೋಲಿನ ಡಬ್ಬಿ. ಟ್ಯಾಂಕಿಗೆ 2-3 ಲೀಟರ್ ಮಾತ್ರ ಹಿಡಿಯುವುದರಿಂದ, ಟೂ-ಸ್ಟ್ರೋಕ್ ಬೈಕಾದರೆ ಆಯಿಲನ್ನು ಅಳತೆಯಿಂದ ಬೆರೆಸಿಯೇ ಹಾಕಬೇಕಾದ್ದರಿಂದ, ಸವಾರರು ಬೆರೆಸಿದ ಪೆಟ್ರೋಲನ್ನು ಜೊತೆಗೇ ಒಯ್ಯುತ್ತಾರೆ. ಹೆಚ್ಚಿನವರ ಕೈಯಲ್ಲಿರುವುದು ಪ್ಲಾಸ್ಟಿಕ್ ಕ್ಯಾನು. 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಪರವಾನಗಿಯಿಲ್ಲದೆ ಸ್ವಂತಕ್ಕೆ ಒಯ್ಯಲು ಅವಕಾಶವಿರುವುದು 30 ಲೀಟರಿನವರೆಗೆ, ಅದೂ 25 ಲೀಟರ್ ಮೀರದ ಲೋಹದ ಡಬ್ಬಿಯಲ್ಲಿ, ಇಲ್ಲವೇ 1 ಲೀಟರ್ ಮೀರದ ಗಾಜಿನ ಅಥವಾ ಪಿಂಗಾಣಿಯ ಪಾತ್ರೆಯಲ್ಲಿ. ಮುಚ್ಚಳ ಬಿಗಿಯಾಗಿ ಕೂರುವ 5 ಲೀಟರಿನ ಲೋಹದ ಡಬ್ಬಿಯೊಂದು ಇಡೀ ದಿನದ ಸ್ಪರ್ಧೆಗೆ ಸಾಕು. ಅದನ್ನು ಕುತ್ತಿಗೆಯವರೆಗೆ ತುಂಬದೆ ಆವಿಗೆ ಸ್ವಲ್ಪ ಜಾಗ ಬಿಟ್ಟು, ಪಾಟಿಯ ಮುಂದಿನ ಮೂಲೆಯಲ್ಲಿ ಬೈಕಿನಿಂದ ಬೇರೆಯಾಗಿ, ನೆಟ್ಟಗೆ ನಿಲ್ಲುವಂತೆ ಕಟ್ಟಬೇಕು. ಚಾಲಕನ ಸೀಟಿನ ಹಿಂದೆ ಇಡಲು ಅವನೇ ಹೇಳಿದರೂ ಇಡಬಾರದು.